ನಾಲ್ಕನೆಯ ಮೋಟಾರು

ಮನೆಯೊಳಗಿನ ಗಾಳಿ ಆಕಾಶದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ಹಲ್ಲು ಮೇಸ್ತ್ರಿಯ ವಾದ. ವಾದವೇನೋ ಗಟ್ಟಿಯಾಗಿಯೇ ಇತ್ತು. ಆದರೆ ಅದನ್ನು ಯಾವ ಅಧಿಕಾರಿಯ ಮುಂದೆಯೂ ಮಂಡಿಸುವ ಧೈರ್ಯ ಆತನಿಗಿರಲಿಲ್ಲ. ಹೆಂಡತಿಯ ಮುಂದೆ ಮಾತ್ರ ಮಂಡಿಸಿ, ಅರ್ಧ ಗೆದ್ದು ಅರ್ಧ ಸೋತಿದ್ದ. ಗೆದ್ದ ಅರ್ಧ ಏನೆಂದರೆ, ಡ್ರೋನನ್ನು ನಡುಮನೆಯಲ್ಲಿ ಹಾರಿಸಬಹುದು. ಸೋತ ಅರ್ಧ ಏನೆಂದರೆ, ಹಾರಿಸುವಷ್ಟು ಹೊತ್ತೂ ಬಾಗಿಲು ಕಿಟಕಿಗಳೆಲ್ಲ ಮುಚ್ಚಿರಬೇಕು, ಚಿಲಕ ಸಮೇತ.

"ಚಿಲಕ ಅಂದ್ರೆ ಚಿಲಕ," ಎಂದಿದ್ದಳು ಆಕೆ. "ಸುಮ್ನೆ ದೂಡಿಟ್ಟಿದ್ದೆ ಅಂತ ಆಮೇಲೆ ಕಥೆ ಹೇಳಬೇಡಿ."

ಆಕೆ ಅಷ್ಟು ಖಡಾಖಂಡಿತವಾಗಿ ಹೇಳಲು ಕಾರಣ ಅಡುಗೆಮನೆಯ ಕಿಟಕಿಯಿಂದಲೇ ಕಾಣುತ್ತಿತ್ತು. ವಸತಿಗೃಹದ ಹಿಂದೆ ಒಂದು ಗೋಡೆ, ಗೋಡೆಯಾಚೆ ಹುಲ್ಲು, ಹುಲ್ಲಿನಾಚೆ ವಿಮಾನಗಳು ಇಳಿಯುವ ರನ್‌ವೇ. ಈ ಸುತ್ತಳತೆಯಲ್ಲಿ ಗಾಳಿಪಟ, ಬಲೂನು, ಡ್ರೋನು ಏನನ್ನೂ ಹಾರಿಸಕೂಡದು ಎಂಬ ಫಲಕ ಮೆಟ್ಟಿಲ ಪ್ರತಿ ತಿರುವಿನಲ್ಲೂ ಇತ್ತು. ಏನಾದರೂ ಕಂಡರೆ ತಿಳಿಸಿ ಎಂದು ಕೆಳಗೆ ಕಂಟ್ರೋಲ್ ಟವರಿನ ಫೋನ್ ನಂಬರು. ಆ ಮನೆ ಅವರಿಗೆ ಸಿಕ್ಕಿದ್ದೇ ಆಕೆಯ ಕೆಲಸದಿಂದ. ಆಕೆಯ ಕೆಲಸ ರನ್‌ವೇ ಮೇಲಿನಿಂದ ಹಕ್ಕಿ ಓಡಿಸುವುದು. ಹಳದಿ ಜೀಪಿನಲ್ಲಿ ಧ್ವನಿವರ್ಧಕ, ಸೊಂಟದಲ್ಲಿ ಪಟಾಕಿ ಸಿಡಿಸುವ ಪಿಸ್ತೂಲು, ಎದೆಯ ಮೇಲೆ ರೇಡಿಯೋ ಇಟ್ಟುಕೊಂಡು ದಿನವಿಡೀ ಆಕಾಶ ಕಾಯುತ್ತಾಳೆ. ಒಂದು ಹದ್ದು ಇಂಜಿನ್ನಿನೊಳಗೆ ಹೋದರೆ ಏನಾಗುತ್ತದೆ ಎಂಬುದನ್ನು ಆಕೆ ಮನೆಯಲ್ಲಿ ಒಂದೇ ಒಂದು ಸಲ ವಿವರಿಸಿದ್ದಳು; ಆಮೇಲೆ ಯಾರೂ ಕೇಳುವ ಸಾಹಸ ಮಾಡಲಿಲ್ಲ. ಜೊತೆ ಕೆಲಸದವರು ಆಕೆಯನ್ನು ಹದ್ದಿನಕ್ಕ ಎನ್ನುತ್ತಿದ್ದರು.

ಇನ್ನು ಮೇಸ್ತ್ರಿ ಎಂದರೆ ಗಾರೆ ಕೆಲಸದ ಮೇಸ್ತ್ರಿಯಲ್ಲ. ದಂತವೈದ್ಯರು ಬಾಯಿಯ ಅಚ್ಚು ಕಳಿಸುತ್ತಾರೆ, ಈತ ಅದಕ್ಕೆ ಸರಿಯಾಗಿ ಹಲ್ಲಿನ ಸೆಟ್ಟು ಕಟ್ಟಿಕೊಡುತ್ತಾನೆ. ಅಡುಗೆಮನೆಯ ಪಕ್ಕದ ಸಣ್ಣ ಕೋಣೆಯೇ ಕಾರ್ಖಾನೆ. ಕಪಾಟಿನ ತುಂಬ ಬಾಯಿಯೊಂದಿಲ್ಲದ ನಗುಗಳು. "ಇಷ್ಟೊಂದು ಜನ ಹಲ್ಲು ಕಿರಿಯೋ ಕಡೆ ನಾನೊಬ್ಬಳೇ ಕೂರಲ್ಲಪ್ಪ," ಎಂದು ಅವರ ಜೊತೆಗೇ ಇದ್ದ ಅತ್ತೆ ಆ ಕೋಣೆಗೆ ಕಾಲಿಡುತ್ತಿರಲಿಲ್ಲ. ಅತ್ತೆಗೆ ಕಿವಿ ಅಷ್ಟಕ್ಕಷ್ಟೇ, ಮೂಗು ಮಾತ್ರ ಬಲು ಚುರುಕು.

ವಸಡಿಗೆ ಬಳಸುವ ಗುಲಾಬಿ ಬಣ್ಣದ ಅಕ್ರಿಲಿಕ್ ಪ್ರತಿ ಸೆಟ್ಟಿನಲ್ಲೂ ಒಂದಿಷ್ಟು ಮಿಗುತ್ತಿತ್ತು. ಬಿಸಾಡಲು ಮನಸ್ಸಾಗದೆ ಮೇಸ್ತ್ರಿ ಅದರಿಂದಲೇ ತನ್ನ ಡ್ರೋನಿನ ಮೈಯನ್ನೂ, ರೆಕ್ಕೆಗಳ ಸುತ್ತ ಬಳೆಯಂಥ ಕಾವಲನ್ನೂ ಎರಕ ಹೊಯ್ದಿದ್ದ. ಒಳಗಿನ ಮೋಟಾರು, ಸರ್ಕ್ಯೂಟು, ಬ್ಯಾಟರಿ ಎಲ್ಲ ತರಿಸಿ ಬೆಸುಗೆ ಹಾಕಿ ಕೂಡಿಸಿದ್ದೂ ಆತನೇ. ಜಗತ್ತಿನಲ್ಲಿ ವಸಡಿನ ಬಣ್ಣದ ಡ್ರೋನು ಅದೊಂದೇ ಇದ್ದಿರಬೇಕು. ಹೆಂಡತಿ ಅದನ್ನು ಹಾರುವ ವಸಡು ಎಂದು ಹಾಸ್ಯ ಮಾಡುತ್ತಿದ್ದಳು. ಅತ್ತೆಯ ಪಾಲಿಗೆ ಅದು ದುಂಬಿ. ರಜೆಯ ದಿನ ಮಾತ್ರ ಆತ ಅದನ್ನು ಚೀಲದಲ್ಲಿಟ್ಟುಕೊಂಡು ಅಣ್ಣನ ಇಟ್ಟಿಗೆಗೂಡಿನ ಅಂಗಳಕ್ಕೆ ಹೋಗಿ ಬಯಲಿನಲ್ಲಿ ಹಾರಿಸುತ್ತಿದ್ದ. ಅಣ್ಣನ ಅಂಗಳ ನಿಷೇಧದ ಗಡಿಯಿಂದ ಆಚೆಗಿತ್ತು, ವಿಮಾನ ನಿಲ್ದಾಣದ ಆ ಮಗ್ಗುಲಿಗೆ.

ಆ ಮಧ್ಯಾಹ್ನ ಒಂದು ಸೆಟ್ಟಿನ ಪ್ಲಾಸ್ಟರ್ ಅಚ್ಚು ಗಟ್ಟಿಯಾಗುವುದನ್ನು ಕಾಯುತ್ತ ಕೂತಿದ್ದ ಮೇಸ್ತ್ರಿಗೆ ಕೈ ಸುಮ್ಮನಿರಲಿಲ್ಲ. ಅತ್ತೆ ಒಳಕೋಣೆಯಲ್ಲಿ ಮಲಗಿದ್ದರು. ಆತ ಕಿಟಕಿ ಮುಚ್ಚಿದ, ಬಾಲ್ಕನಿಯ ಬಾಗಿಲು ಮುಚ್ಚಿದ, ಚಿಲಕವನ್ನೂ ಹಾಕಿದ. ಈ ವಿಷಯದಲ್ಲಿ ಆತನ ಮೇಲೆ ತಪ್ಪು ಹೊರಿಸುವ ಹಾಗಿಲ್ಲ. ಡ್ರೋನು ಜುಂಯ್ ಎಂದು ಮೇಲೆದ್ದು ದೀಪದ ಬುರುಡೆಯನ್ನೊಂದು ಸುತ್ತು ಹಾಕಿತು, ಕುರ್ಚಿಯ ಕಾಲುಗಳ ನಡುವೆ ನುಸುಳಿತು, ಕಪಾಟಿನ ಮುಂದೆ ನಿಂತು ಕನ್ನಡಿಯಲ್ಲಿ ತನ್ನ ಮುಖ ತಾನೇ ನೋಡಿಕೊಂಡಿತು. ಮೇಸ್ತ್ರಿಯ ಮುಖದಲ್ಲಿ ಎಳೆ ಮಕ್ಕಳಂಥ ಸಂತೋಷ.

ಆ ಹೊತ್ತಿಗೆ ಅಕ್ರಿಲಿಕ್ಕಿನ ಘಾಟು ಅತ್ತೆಯ ಮೂಗಿಗೆ ಬಡಿಯಿತು. ಅವರು ಎದ್ದು, ಸೆರಗಿನಿಂದ ಮೂಗು ಮುಚ್ಚಿಕೊಂಡು, ಒಳಕೋಣೆಯಿಂದ ಬಾಲ್ಕನಿಯ ಪಕ್ಕಕ್ಕೆ ಬಂದು, ಅಳಿಯ ಇರುವುದನ್ನೂ ಗಮನಿಸದೆ ಚಿಲಕ ತೆಗೆದು ಬಾಗಿಲನ್ನು ಹಾರುಹೊಡೆದರು.

"ಅತ್ತೆ, ಬಾಗಿಲು! ಬಾಗಿಲು!"

"ಹೂಂ, ತೆಗೆದೆ ಕಣ್ರಪ್ಪ. ಉಸಿರು ಕಟ್ಟಿ ಸಾಯ್ಬೇಕಾ ಮನುಷ್ಯರು?"

ಒಳಗಿನ ಬೆಚ್ಚನೆ ಗಾಳಿ ಹೊರಗೆ ನುಗ್ಗಿತು, ಅದರ ಜೊತೆ ದುಂಬಿಯೂ ನುಗ್ಗಿತು. ಮೇಸ್ತ್ರಿ ರಿಮೋಟಿನ ಕಡ್ಡಿಯನ್ನು ಹಿಂದಕ್ಕೆಳೆದ. ಹಿಂದಕ್ಕೆಳೆಯುವ ಬದಲು ನೆಲಕ್ಕಿಳಿಸಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡ. ಅದು ಬಾಲ್ಕನಿಯ ಗೋಡೆಗೆ ಒಮ್ಮೆ ತಾಗಿ, ಕೆಳಕ್ಕೆ ಜಾರಿ, ಕಾಂಕ್ರೀಟಿನ ಮರೆಗೆ ಹೋಯಿತು. ರಿಮೋಟು ಕೀರಲು ದನಿಯಲ್ಲಿ ಕೂಗಿತು. ಸಂಪರ್ಕ ತಪ್ಪಿತ್ತು. ಮನೆಯೊಳಗೆ ಆಡುವುದಕ್ಕೆ ಅಷ್ಟು ಜೋರು ಯಾಕೆ ಎಂದು ರಿಮೋಟಿನ ಶಕ್ತಿಯನ್ನು ಆತನೇ ತೀರ ಕಡಿಮೆ ಮಾಡಿಟ್ಟಿದ್ದ.

ಕೆಳಗೆ ಬಿದ್ದಿರುತ್ತದೆ, ಓಡಿ ಹೋಗಿ ಎತ್ತಿಕೊಂಡರಾಯಿತು ಎಂದು ಬಾಲ್ಕನಿಗೆ ಬಂದು ಬಗ್ಗಿ ನೋಡಿದ. ಕೆಳಗೆ ಇರಲಿಲ್ಲ. ಅವನ ಮೂಗಿನ ಮುಂದೆಯೇ ಅದು ಮೇಲಕ್ಕೆ ಏರುತ್ತಿತ್ತು. ನೆಟ್ಟಗೆ, ಅವಸರವಿಲ್ಲದೆ, ಒಳ್ಳೆಯ ವಿದ್ಯಾರ್ಥಿಯ ಹಾಗೆ. 

ಆ ಪಾಠ ಕಲಿಸಿದವನು ಮೇಸ್ತ್ರಿಯೇ. ಹಿಂದೊಮ್ಮೆ ಅಣ್ಣನ ಅಂಗಳದಲ್ಲಿ ಸಂಪರ್ಕ ತಪ್ಪಿ ಡ್ರೋನು ಎಲ್ಲೋ ಪೊದೆಗೆ ಬಿದ್ದು ದಿನವಿಡೀ ಹುಡುಕಿಸಿತ್ತು. ಅಂದೇ ಅದರ ನೆನಪಿನಲ್ಲಿ ಬರೆದಿಟ್ಟಿದ್ದ: ನನ್ನ ಮಾತು ಕೇಳಿಸದೆ ಹೋದರೆ ಮೊದಲು ಮೇಲೇರು, ಮರಗಳಿಗಿಂತ ಎತ್ತರಕ್ಕೆ ಏರು, ಅಲ್ಲಿಂದ ನೇರವಾಗಿ ಈ ಅಂಗಳಕ್ಕೆ ಬಂದು ಇಳಿ. ನಡುಮನೆಯಲ್ಲಿ ತಾರಸಿಯ ಕೆಳಗೆ ಅದಕ್ಕೆ ಉಪಗ್ರಹಗಳು ಕಾಣುತ್ತಿರಲಿಲ್ಲ, ಹಾಗಾಗಿ ಪಾಠ ಮಲಗಿತ್ತು. ಈಗ ಮೇಲೆ ಬಯಲು ಆಕಾಶ. ಅದು ತಾನೆಲ್ಲಿದ್ದೇನೆಂದು ತಿಳಿದುಕೊಂಡಿತು, ಅಣ್ಣನ ಅಂಗಳ ಎಲ್ಲಿದೆಯೆಂದು ನೆನಪಿಸಿಕೊಂಡಿತು, ಮೂಗನ್ನು ಆ ಕಡೆಗೆ ತಿರುಗಿಸಿತು. ಈ ಮನೆಗೂ ಆ ಅಂಗಳಕ್ಕೂ ನೇರ ಗೆರೆ ಎಳೆದರೆ ಅದು ರನ್‌ವೇಯನ್ನು ಅಡ್ಡಕ್ಕೆ ಕತ್ತರಿಸಿಕೊಂಡು ಹೋಗುತ್ತದೆ. ಅಷ್ಟು ದಿನ ಹಾರಿಸಿದವನಿಗೆ ಒಂದು ದಿನವೂ ಇದು ಹೊಳೆದಿರಲಿಲ್ಲ.

ಅವಸರದಲ್ಲಿ ರಿಮೋಟಿನ ಶಕ್ತಿ ಹೆಚ್ಚಿಸಲು ಹೋದ. ಯಾವ ಗುಂಡಿ ಒತ್ತಿದರೆ ಯಾವುದು ಬರುತ್ತದೆಂಬುದೇ ಮರೆತುಹೋಯಿತು. ಅದು ನೆನಪಾಗುವಷ್ಟರಲ್ಲಿ ದುಂಬಿ ಗೋಡೆ ದಾಟಿ ಹುಲ್ಲಿನ ಮೇಲೆ ಸಾಗುತ್ತಿತ್ತು.

"ಹಾರಿ ಹೋಯ್ತಾ?" ಎಂದರು ಅತ್ತೆ ಪಕ್ಕದಲ್ಲಿ ನಿಂತು. "ಹೋಗ್ಲಿ ಬಿಡಿ. ತಿರುಗಿ ಬರುತ್ತೆ."

ಮೇಸ್ತ್ರಿ ಹೆಂಡತಿಗೆ ಫೋನ್ ಮಾಡಿದ. ಗಂಟೆ ಬಾರಿಸಿ ಬಾರಿಸಿ ನಿಂತಿತು. ಕೆಲಸದ ಹೊತ್ತಿನಲ್ಲಿ ಆಕೆ ಫೋನನ್ನು ಜೀಪಿನ ಡಬ್ಬಿಯಲ್ಲಿ ಹಾಕಿಡುತ್ತಾಳೆ. ಅದು ಅವನಿಗೂ ಗೊತ್ತಿದ್ದದ್ದೇ. ಉಳಿದದ್ದು ಟವರು. ಮೆಟ್ಟಿಲ ತಿರುವಿಗೆ ಓಡಿ ಫಲಕದ ಮುಂದೆ ನಿಂತ. ನಂಬರಿನ ಅರ್ಧ ಒತ್ತಿದ. ಆಚೆಯಿಂದ ಯಾರೋ ಹೆಸರು ಕೇಳುತ್ತಾರೆ, ಯಾವ ಮನೆ ಎಂದು ಕೇಳುತ್ತಾರೆ, ಯಾರ ಗಂಡ ಎಂದು ಕೇಳುತ್ತಾರೆ. ಹದ್ದಿನಕ್ಕನ ಗಂಡ ಎಂದರೆ ಅಲ್ಲಿಗೆ ಆಕೆಯ ಕೆಲಸ ಹೋಯಿತು, ಕೆಲಸದ ಜೊತೆ ಮನೆ ಹೋಯಿತು, ಪೊಲೀಸರು ಬಂದು ಆತನನ್ನು ಕರೆದುಕೊಂಡು ಹೋಗುತ್ತಾರೆ. ಬೆರಳು ಅಲ್ಲಿಗೇ ನಿಂತಿತು. ಸದ್ಯಕ್ಕೆ ವಿಮಾನ ಯಾವುದೂ ಇಲ್ಲ ಎಂದು ತನಗೆ ತಾನೇ ಹೇಳಿಕೊಂಡ. ಹೇಗೋ ದಾಟಿಬಿಡುತ್ತದೆ, ಅಣ್ಣನ ಅಂಗಳದಲ್ಲಿ ಇಳಿದುಬಿಡುತ್ತದೆ, ಸಂಜೆ ಹೋಗಿ ತಂದರಾಯಿತು. ಹೆದರಿಕೆಯಲ್ಲಿ ಮನುಷ್ಯ ತನ್ನನ್ನು ತಾನೇ ಎಷ್ಟು ಚೆನ್ನಾಗಿ ಒಪ್ಪಿಸಿಬಿಡುತ್ತಾನೆ! ನಂಬರನ್ನು ಅಳಿಸಿ, ಮನೆಗೆ ಬಂದು, ಹೆಂಡತಿಯ ಹಳೆಯ ದುರ್ಬೀನನ್ನು ಮೊಳೆಯಿಂದ ಕಿತ್ತುಕೊಂಡು ತಾರಸಿಗೆ ಓಡಿದ.

ಗಾಜಿನಲ್ಲಿ ಮೊದಲು ಸಿಕ್ಕಿದ್ದು ಹಳದಿ ಜೀಪು. ಆಕೆ ಅದರ ಪಕ್ಕದಲ್ಲಿ ನಿಂತು ತಲೆಯೆತ್ತಿ ನೋಡುತ್ತಿದ್ದಳು. ಆಕೆ ನೋಡುತ್ತಿದ್ದ ಕಡೆಗೇ ದುರ್ಬೀನು ತಿರುಗಿಸಿದ. ಒಂದು ಹದ್ದು ಅಗಲವಾಗಿ ಸುತ್ತುತ್ತಿತ್ತು. ಅದರ ಸುತ್ತಿನೊಳಕ್ಕೆ ಗುಲಾಬಿ ಚುಕ್ಕೆಯೊಂದು ನೆಟ್ಟಗೆ ನುಗ್ಗುತ್ತಿತ್ತು.

ತನ್ನ ಆಕಾಶದಲ್ಲಿ ಬೇರೆಯವರು ಓಡಾಡುವುದನ್ನು ಹದ್ದು ಸಹಿಸುವುದಿಲ್ಲ. ಈ ಮಾತನ್ನು ಆತ ಹೆಂಡತಿಯ ಬಾಯಲ್ಲಿ ಬೇಕಾದಷ್ಟು ಸಲ ಕೇಳಿದ್ದ. ಹದ್ದು ರೆಕ್ಕೆ ಮಡಚಿತು. ಕಲ್ಲು ಬಿದ್ದಂತೆ ಬಿತ್ತು. ಚುಕ್ಕೆಯೂ ಹಕ್ಕಿಯೂ ಒಂದಾಗಿ ಗಿರ್ರನೆ ತಿರುಗಿ, ರನ್‌ವೇಯ ಕಪ್ಪು ಡಾಂಬರಿನ ಮೇಲೆ ಬಿದ್ದವು.

ಅಷ್ಟರಲ್ಲಿ ದೂರದಲ್ಲಿ, ಆಕಾಶದ ಅಂಚಿನಲ್ಲಿ, ದೀಪವೊಂದು ಕಂಡಿತು. ಇಳಿಯಲು ಬರುತ್ತಿರುವ ವಿಮಾನದ ದೀಪ.

 ಜೀಪು ಹುಲ್ಲಿನಿಂದ ಎದ್ದು ರನ್‌ವೇಗೆ ಹತ್ತಿತು. "ಬೇಡ," ಎಂದು ಮೇಸ್ತ್ರಿ ಬಾಯಿ ಬಿಟ್ಟು ಕೂಗಿದ. ಅಷ್ಟು ದೂರಕ್ಕೆ ಕೇಳುವುದಾದರೂ ಹೇಗೆ? ಆಕೆ ರೇಡಿಯೋದಲ್ಲಿ ಹೇಳಿರುತ್ತಾಳೆ, ಹೇಳದೆ ಹತ್ತುವವಳಲ್ಲ ಎಂದು ಬುದ್ಧಿ ಹೇಳುತ್ತಿತ್ತು. ಆದರೆ ದೀಪ ದೊಡ್ಡದಾಗುತ್ತಲೇ ಇತ್ತು. ದೀಪದ ಹಿಂದೆ ಮೂಗು ಕಂಡಿತು, ಚಾಚಿದ ಚಕ್ರಗಳು ಕಂಡವು. ಜೀಪು ಹೋಗಿ ನಟ್ಟನಡುವೆ ನಿಂತಿತು. ಆಕೆ ಇಳಿದಳು, ಬಗ್ಗಿದಳು. ವಿಮಾನದ ಸದ್ದು ಎದೆಗೂಡಿನೊಳಗೆ ಗುಡುಗತೊಡಗಿತು. ಅವಳು ತಲೆಯೆತ್ತಿ ನೋಡುತ್ತಿಲ್ಲವಲ್ಲ, ಯಾಕೆ ನೋಡುತ್ತಿಲ್ಲ, ಎಂದು ಮೇಸ್ತ್ರಿ ಅಳುತ್ತಿದ್ದ. ತಾನು ಅಳುತ್ತಿದ್ದೇನೆ ಎಂದು ದುರ್ಬೀನಿನ ಗಾಜು ಮಂಜಾದಾಗಲೇ ಅವನಿಗೆ ತಿಳಿದದ್ದು.

ಮೊದಲು ವಿಮಾನದ ಮೂಗು ಮೇಲಕ್ಕೆದ್ದಿತು. ಆಮೇಲೆ ಭಾರಿ ಮೊರೆತದೊಂದಿಗೆ ಇಡೀ ವಿಮಾನ ಇಳಿಯುವುದನ್ನು ಬಿಟ್ಟು ಏರತೊಡಗಿ, ಜೀಪಿನ ಮೇಲೆ ಹಾದು, ಒಂದು ಕಡೆಗೆ ವಾಲಿ ತಿರುಗಿ, ವಸತಿಗೃಹದ ಮೇಲೆ ಹೋಯಿತು. ತಾರಸಿಯ ನೀರಿನ ತೊಟ್ಟಿಗಳು ಗಡಗಡ ನಡುಗಿದವು. ಆತ ತೊಟ್ಟಿಗೆ ಒರಗಿ ಹಾಗೇ ಕುಸಿದು ಕೂತ. ಆ ವಿಮಾನದಲ್ಲಿ ಎಷ್ಟು ಜನ ಇದ್ದರೋ, ಯಾರ್ಯಾರ ತಾಯಿ ತಂದೆಯೋ, ಯಾರಿಗೂ ಏನೂ ಗೊತ್ತಾಗಿರಲಿಕ್ಕಿಲ್ಲ. ಇಳಿಯುವುದು ಸ್ವಲ್ಪ ತಡವಂತೆ ಎಂದು ಗೊಣಗಿರಬಹುದು, ಅಷ್ಟೇ.

ಫೋನ್ ಬಾರಿಸಿತು. ಹೆಂಡತಿ.

"ಎಲ್ಲಿದೀರಿ?" ಎಂದಳು. ದನಿ ತಗ್ಗಿತ್ತು.

"ಮೇಲೆ. ತಾರಸೀಲಿ."

"ಮಷೀನೆಲ್ಲಿ?"

ಆತ ದುರ್ಬೀನನ್ನು ಮತ್ತೆ ಕಣ್ಣಿಗೇರಿಸಿ ಜೀಪಿನ ಕಡೆ ತಿರುಗಿಸಿದ. 

"ಇಲ್ಲಿ ರನ್‌ವೇ ಮೇಲೆ ವಸಡು ಬಿದ್ದಿದೆ ರೀ," ಎಂದಳು. ನಗೆಯಾಡುವ ಮಾತು, ನಗೆ ಮಾತ್ರ ಇರಲಿಲ್ಲ. "ಚೂರು ಚೂರಾಗಿದೆ. ಹದ್ದು ಇನ್ನೂ ಬದುಕಿದೆ, ಒಂದು ರೆಕ್ಕೆ ಮುರಿದಿದೆ. ಬಟ್ಟೆ ಹೊದಿಸಿ ಪೆಟ್ಟಿಗೇಲಿ ಹಾಕಿದೀನಿ."

"ಅತ್ತೆ ಬಾಗಿಲು ತೆಗೆದುಬಿಟ್ರು. ನಾನು ಚಿಲಕ ಹಾಕಿದ್ದೆ. ದೇವರಾಣೆಗೂ ಹಾಕಿದ್ದೆ."

"ಅದೆಲ್ಲ ಆಮೇಲೆ." ಆಕೆ ಉಸಿರೆಳೆದುಕೊಂಡದ್ದು ಕೇಳಿಸಿತು. "ದೂರದಿಂದ ಎರಡು ಹದ್ದು ಕಿತ್ತಾಡಿದ ಹಾಗೆ ಕಾಣ್ತು. ಹಕ್ಕಿ ಬಿದ್ದಿದೆ, ವಿಮಾನ ಇಳಿಸಬೇಡಿ ಅಂತ ಟವರಿಗೆ ಹೇಳಿಬಿಟ್ಟೆ. ಅವರು ಹಕ್ಕಿ ಅಂತಲೇ ತಿಳ್ಕೊಂಡಿದಾರೆ."

ಮೇಸ್ತ್ರಿ ಎದ್ದು ಕೂತ. ಸುಳ್ಳು ಯಾರೂ ಹೇಳಿರಲಿಲ್ಲ. ತನ್ನಷ್ಟಕ್ಕೆ ತಾನೇ ಹುಟ್ಟಿಕೊಂಡಿತ್ತು. ಅದನ್ನು ಕದಲಿಸದೆ ಬಿಟ್ಟರೆ ಸಾಕಾಗಿತ್ತು. ಹಕ್ಕಿ ಬಿದ್ದದ್ದಂತೂ ಸುಳ್ಳಲ್ಲ. ಕೆಲಸ ಉಳಿಯುತ್ತದೆ, ಮನೆ ಉಳಿಯುತ್ತದೆ. ಇಂದಿನಿಂದ ಡ್ರೋನಿನ ಹೆಸರೆತ್ತಿದರೆ ಕೇಳಿ ಎಂದು ಮನಸ್ಸಿನಲ್ಲೇ ಆಣೆಯನ್ನೂ ಇಟ್ಟುಕೊಂಡ. ಆ ಕ್ಷಣಕ್ಕೆ ಅವನಿಗಾದ ನೆಮ್ಮದಿಯನ್ನು ನೆನೆದರೆ ನಾಚಿಕೆಯಾಗಬೇಕು, ಅಷ್ಟು ನೆಮ್ಮದಿಯಾಯಿತು.

"ಚೂರೆಲ್ಲ ಆಯ್ಕೊಂಡ್ಯಾ?" ಎಂದು ಕೇಳಿದ.

"ಆಯ್ಕೋತಾ ಇದೀನಿ."

ಆಕೆಯ ಎದೆಯ ಮೇಲಿನ ರೇಡಿಯೋ ಗೊರಗೊರ ಎಂದು, ಟವರಿನ ದನಿ ಫೋನಿನೊಳಗೂ ತೂರಿ ಬಂತು. "ಹದ್ದಿನಕ್ಕ, ಹಕ್ಕಿ ತೆಗೆದ್ರಾ? ರನ್‌ವೇ ಖಾಲಿ ಅಂತ ಹೇಳಲಾ? ವಿಮಾನದವನು ಸುತ್ತು ಹಾಕ್ಕೊಂಡು ಮತ್ತೆ ಬರ್ತಾ ಇದಾನೆ. ಅವನ ಹಿಂದೆ ಇನ್ನೊಬ್ಬ ಇದಾನೆ."

"ಒಂದು ನಿಮಿಷ," ಎಂದಳು ಆಕೆ ರೇಡಿಯೋಗೆ. ಆಮೇಲೆ ಫೋನಿಗೆ, ಇನ್ನೂ ತಗ್ಗಿದ ದನಿಯಲ್ಲಿ: "ರೀ, ಇದಕ್ಕೆ ಮೋಟಾರು ಎಷ್ಟು?"

 ಕೇಳಿದ ರೀತಿಯಲ್ಲೇ ಅವನಿಗೆ ತಿಳಿದುಹೋಯಿತು. ಆಕೆಯ ಕೈಯಲ್ಲಿ ಇರಬೇಕಾದದ್ದಕ್ಕಿಂತ ಕಡಿಮೆ ಇದೆ. ಹೆಬ್ಬೆಟ್ಟಿನ ಗಾತ್ರದ ಒಂದು ಉಕ್ಕಿನ ಮೋಟಾರು ಆ ಕಪ್ಪು ಡಾಂಬರಿನ ಮೇಲೆ ಎಲ್ಲೋ ಉರುಳಿ ಬಿದ್ದಿದೆ. ವಿಮಾನದ ಇಂಜಿನ್ನಿಗೆ ಅದು ಹದ್ದಿಗಿಂತ ಕೆಟ್ಟದ್ದು. ಚಕ್ರಕ್ಕೆ ಸಿಕ್ಕರೂ ಕೆಟ್ಟದ್ದು. ಹಕ್ಕಿ ಎಂದಾದರೆ ಟವರಿನವರು ಆಕೆಯ ಮಾತನ್ನು ನಂಬಿ ರನ್‌ವೇ ತೆರೆಯುತ್ತಾರೆ. ಡ್ರೋನು ಎಂದಾದರೆ ಹತ್ತಾರು ಜನ ಇಳಿದು ಅಂಗುಲ ಅಂಗುಲ ಹುಡುಕುತ್ತಾರೆ. ಇರುವ ವ್ಯತ್ಯಾಸ ಅಷ್ಟೇ.

ಮೂರು ಎಂದು ಹೇಳಿಬಿಡಬಹುದಿತ್ತು. ಯಾರು ಬಂದು ಎಣಿಸುತ್ತಾರೆ? ಮೋಟಾರು ಹುಲ್ಲಿಗೆ ಸಿಡಿದು ಬಿದ್ದಿರಲೂಬಹುದು. ನೂರಕ್ಕೆ ತೊಂಬತ್ತು ಪಾಲು ಹುಲ್ಲಿಗೇ ಬಿದ್ದಿರುತ್ತದೆ. ಆದರೆ ಆಗತಾನೆ ತಲೆಯ ಮೇಲೆ ಹಾದುಹೋದ ವಿಮಾನದ ಮಗ್ಗುಲು ಕಣ್ಣಿನಿಂದ ಹೋಗಿರಲಿಲ್ಲ, ಸಾಲಾಗಿ ಸಣ್ಣ ಸಣ್ಣ ಕಿಟಕಿಗಳು, ಕಿಟಕಿಗೊಂದು ತಲೆ.

"ಹೇಳಿ. ಎಷ್ಟು?"

"ನಾಲ್ಕು," ಎಂದ.

 

"ಮೂರಿದೆ," ಎಂದಳು.

ಆಮೇಲೆ ಫೋನನ್ನು ಆಕೆ ಇಡಲಿಲ್ಲ, ಮರೆತಿದ್ದಿರಬೇಕು. ರೇಡಿಯೋದ ಗುಂಡಿ ಟಕ್ ಎಂದದ್ದು ಆತನಿಗೆ ಕೇಳಿಸಿತು. ಆಕೆಯ ದನಿ ಈಗ ಕೆಲಸದ ದನಿಯಾಗಿತ್ತು. "ಟವರ್, ರನ್‌ವೇ ಖಾಲಿ ಇಲ್ಲ. ವಿಮಾನ ಇಳಿಸಬೇಡಿ. ಬಿದ್ದಿರೋದು ಬರೀ ಹಕ್ಕಿ ಅಲ್ಲ, ಡ್ರೋನು. ಒಂದು ಮೋಟಾರು ಸಿಕ್ಕಿಲ್ಲ. ಹುಡುಕೋಕೆ ಜನ ಕಳಿಸಿ. ಡ್ರೋನು ನಮ್ಮ ಮನೇದೇ."

ಟವರಿನವರು ಎರಡೂ ವಿಮಾನಗಳಿಗೆ ಮೇಲೆಯೇ ಸುತ್ತಲು ಹೇಳಿದರು.

ಮೇಸ್ತ್ರಿ ತಾರಸಿಯಿಂದ ಇಳಿದು ಮನೆಗೆ ಬಂದ. ಅತ್ತೆ ಬಾಗಿಲಲ್ಲೇ ಕೂತಿದ್ದರು. "ಸಿಕ್ತಾ ದುಂಬಿ?" ಎಂದು ಕೇಳಿದರು. ಆತ ಏನೋ ಹೇಳಲು ಹೋಗಿ ಅವರ ಕೈ ಹಿಡಿದುಕೊಂಡ. ಅತ್ತೆ ಗಾಬರಿಯಾದರು, ಅಳಿಯ ಹಾಗೆ ಕೈ ಹಿಡಿದದ್ದು ಅದೇ ಮೊದಲು. ಭದ್ರತೆಯವರ ವ್ಯಾನು ಕೆಳಗೆ ಬಂದು ನಿಂತಾಗ ಚಪ್ಪಲಿ ಮೆಟ್ಟಿಕೊಂಡು ತಾನಾಗಿಯೇ ಇಳಿದು ಹೋದ. ಅಕ್ಕಪಕ್ಕದವರು ಬಾಗಿಲ ಸಂದಿಯಿಂದ ನೋಡುತ್ತಿದ್ದರು. 

ರನ್‌ವೇಯ ಅಂಚಿನಲ್ಲಿದ್ದ ಶೆಡ್ಡಿನಲ್ಲಿ ಆತನನ್ನು ಮೇಜಿನ ಮುಂದೆ ಕೂರಿಸಿದರು. ಮೇಜಿನ ಮೇಲೆ ಬಿಳಿ ಬಟ್ಟೆ, ಬಟ್ಟೆಯ ಮೇಲೆ ಗುಲಾಬಿ ಚೂರುಗಳು. "ಏನೇನು ಇಲ್ಲ ಅಂತ ಹೇಳಿ," ಎಂದರು ಭದ್ರತಾ ಅಧಿಕಾರಿ. ಗಟ್ಟಿಯಾಗಿ ಗದರಿಸಲಿಲ್ಲ; ಗದರಿಸಿದ್ದರೆ ಚೆನ್ನಾಗಿತ್ತು. ಒಡೆದ ಸೆಟ್ಟುಗಳನ್ನು ಕೂಡಿಸಿ ಅಭ್ಯಾಸವಿದ್ದ ಕೈ, ಆದರೂ ಆ ದಿನ ಒಂದು ಚೂರು ಇನ್ನೊಂದಕ್ಕೆ ಕೂಡಲೊಲ್ಲದು. ಬೆವರು ಒರೆಸಿಕೊಂಡು ಮತ್ತೆ ಮತ್ತೆ ಜೋಡಿಸಿದ. ಮೈ ಪೂರ್ತಿ ಇತ್ತು, ಬ್ಯಾಟರಿ ಇತ್ತು, ಸರ್ಕ್ಯೂಟು ಇತ್ತು. ಒಂದು ತೋಳೂ, ಅದರ ತುದಿಯ ಮೋಟಾರೂ ಇರಲಿಲ್ಲ.

ಶೆಡ್ಡಿನ ಕಿಟಕಿಯಿಂದ ನೋಡಿದರೆ ಹೊರಗೆ ಹತ್ತಾರು ಜನ ಅಕ್ಕಪಕ್ಕ ಸಾಲುಗಟ್ಟಿ, ತಲೆ ಬಗ್ಗಿಸಿ, ರನ್‌ವೇ ಮೇಲೆ ನಿಧಾನಕ್ಕೆ ನಡೆಯುತ್ತಿದ್ದರು. ಅವರ ನಡುವೆ ಆಕೆಯೂ ಇದ್ದಳು. ಮೇಲೆ ಎರಡು ವಿಮಾನಗಳು ಮೋಡದ ಕೆಳಗೆ ಸುತ್ತುತ್ತಿದ್ದವು. ಇಂಧನ ಎಷ್ಟು ಹೊತ್ತಿಗೆ ಸಾಕು ಎಂದು ಯಾರೋ ಯಾರನ್ನೋ ಫೋನಿನಲ್ಲಿ ಕೇಳುತ್ತಿದ್ದರು.  ಸಾಲು ರನ್‌ವೇಯ ಆ ತುದಿ ಮುಟ್ಟಿ ತಿರುಗಿ ಬಂತು. ಏನೂ ಸಿಗಲಿಲ್ಲ. ಮತ್ತೊಮ್ಮೆ ಹೊರಟರು. ಕೊನೆಗೆ ಒಂದು ವಿಮಾನ ಬೇರೆ ಊರಿಗೆ ತಿರುಗಿಕೊಂಡಿತು.

ಅಷ್ಟರಲ್ಲಿ ಹಕ್ಕಿಗಳಿಗೆ ಔಷಧ ಮಾಡುವ ವೈದ್ಯೆಯನ್ನು ಕರೆಸಿದ್ದರು. ಆಕೆ ಬಂದು ಜೀಪಿನಿಂದ ಪೆಟ್ಟಿಗೆ ಇಳಿಸಿ ಶೆಡ್ಡಿಗೆ ತಂದು, ಹದ್ದಿನ ಕಣ್ಣಿಗೆ ಕತ್ತಲಾಗುವ ಹಾಗೆ ಬಟ್ಟೆ ಸರಿಪಡಿಸಿ, ರೆಕ್ಕೆ ನೋಡಲೆಂದು ಕೆಳಗಿನ ಮಡಿಕೆ ಬಿಡಿಸಿದಳು. "ಇದೇನಿದು?" ಎಂದಳು.

ಹದ್ದಿನ ಉಗುರುಗಳು ಬಿಗಿದುಕೊಂಡಿದ್ದವು. ಬಿಗಿತದೊಳಗೆ ಒಂದು ಗುಲಾಬಿ ತೋಳು, ತೋಳಿನ ತುದಿಯಲ್ಲಿ ಮೋಟಾರು. ಆಕಾಶದಲ್ಲಿ ಹಿಡಿದದ್ದನ್ನು ಅದು ಬಿದ್ದರೂ ಬಿಟ್ಟಿರಲಿಲ್ಲ. ವೈದ್ಯೆ ಉಗುರನ್ನು ಒಂದೊಂದಾಗಿ ಬಿಡಿಸಿ ಮೋಟಾರನ್ನು ಮೇಜಿನ ಮೇಲಿಟ್ಟಳು. ಮೇಸ್ತ್ರಿ ಅದನ್ನು ಅದರ ಜಾಗಕ್ಕೆ ಸರಿಸಿದ. ಡ್ರೋನು ಪೂರ್ತಿಯಾಯಿತು.

ರನ್‌ವೇ ತೆರೆದರು. ಕಾದಿದ್ದ ವಿಮಾನ ಇಳಿಯಿತು. ಮೇಲಧಿಕಾರಿ ಬಂದು ಹದ್ದಿನಕ್ಕನ ರೇಡಿಯೋ, ಪಿಸ್ತೂಲು, ಕೊರಳಿನ ಗುರುತಿನ ಚೀಟಿ ಎಲ್ಲವನ್ನೂ ಕೇಳಿ ತೆಗೆದುಕೊಂಡರು. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರಬೇಕಿಲ್ಲ, ಮನೆಯ ವಿಷಯ ಆಮೇಲೆ ತಿಳಿಸುತ್ತೇವೆ ಎಂದರು. ಪೊಲೀಸರು ಮೇಸ್ತ್ರಿಯ ಹೇಳಿಕೆ ಬರೆದುಕೊಂಡು, ನಾಳೆ ಠಾಣೆಗೆ ಬರಬೇಕು ಎಂದು ಹೇಳಿ ಹೋದರು. ಗಂಡ ಹೆಂಡತಿ ಇಬ್ಬರೂ ಶೆಡ್ಡಿನ ಹೊರಗಿನ ಬೆಂಚಿನ ಮೇಲೆ, ಮನೆಗೆ ಬಿಡುವ ವ್ಯಾನಿಗಾಗಿ ಕಾಯುತ್ತ ಕೂತರು. ನಡುವೆ ಒಬ್ಬರು ಕೂರುವಷ್ಟು ಜಾಗ ಬಿಟ್ಟಿದ್ದರು.

ಮೇಸ್ತ್ರಿಗೆ ಸುಮ್ಮನಿರಲಾಗಲಿಲ್ಲ. ಎದೆಯಲ್ಲಿ ಕುದಿಯುತ್ತಿದ್ದದ್ದು ಬಾಯಿಗೆ ಬಂತು.

"ಅಷ್ಟು ಹೊತ್ತೂ ನಿನ್ನ ಪೆಟ್ಟಿಗೇಲೇ ಇತ್ತು," ಎಂದ. "ನಾನು ಮೂರು ಅಂದುಬಿಟ್ಟಿದ್ರೆ ಎಲ್ಲ ಅಲ್ಲಿಗೇ ಮುಗಿದುಹೋಗ್ತಿತ್ತು. ಯಾರಿಗೂ ಏನೂ ಆಗ್ತಿರಲಿಲ್ಲ. ನಿನ್ನ ಕೆಲಸಾನೂ ಉಳೀತಿತ್ತು. ನನ್ನ ಬಾಯಿಂದಲೇ ಎಲ್ಲ ಹಾಳಾಯ್ತು ನೋಡು."

ಆಕೆ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಆ ಕೈಗಳು ನಡುಗುತ್ತಿದ್ದುದನ್ನು ಆತ ಆಗ ನೋಡಿದ. ವಿಮಾನ ತನ್ನ ಮೇಲೆಯೇ ಬರುತ್ತಿದ್ದಾಗ ತಲೆಯೆತ್ತಿ ನೋಡದವಳು, ರೇಡಿಯೋದಲ್ಲಿ ಅಳುಕದೆ ಮಾತಾಡಿದವಳು, ಈಗ ಗಡಗಡ ನಡುಗುತ್ತಿದ್ದಳು.

"ಡ್ರೋನಿಗೆ ಮೋಟಾರು ನಾಲ್ಕು ಅಂತ ನನಗೆ ಗೊತ್ತಿಲ್ವೇನ್ರೀ?" ಎಂದಳು. "ದಿನಾ ಅದನ್ನ ಊಟದ ಮೇಜಿನ ಮೇಲಿಂದ ಎತ್ತಿಟ್ಟು ತಟ್ಟೆ ಇಡೋಳು ನಾನು."

ಮೇಸ್ತ್ರಿ ಆಕೆಯ ಕಡೆ ತಿರುಗಿದ.

"ಮತ್ತೆ ಯಾಕೆ ಕೇಳ್ದೆ?"

"ನೀವು ಮೂರು ಅನ್ನಲಿ ಅಂತ ಕೇಳ್ದೆ. ನೀವು ಮೂರು ಅಂದಿದ್ರೆ ನಾನು ಖಾಲಿ ಇದೆ ಅಂತ ಹೇಳ್ತಿದ್ದೆ. ಬೆರಳು ಗುಂಡಿ ಮೇಲೇ ಇತ್ತು. ಹದ್ದಿನ ಕಾಲಲ್ಲಿದೆ ಅಂತ ಆಗ ನನಗೇನು ಗೊತ್ತಿತ್ತು? ರನ್‌ವೇ ಮೇಲೆ ಎಲ್ಲೋ ಬಿದ್ದಿದೆ ಅಂತಲೇ ತಿಳ್ಕೊಂಡಿದ್ದೆ. ಬಿದ್ದಿದೆ ಅಂತ ತಿಳ್ಕೊಂಡೇ ಹೇಳ್ತಿದ್ದೆ ರೀ."

ಮೇಸ್ತ್ರಿ ನಡುವಿನ ಜಾಗಕ್ಕೆ ಸರಿದು ಆಕೆಯ ಕೈ ಹಿಡಿದುಕೊಂಡ.  ರನ್‌ವೇ ಮೇಲೆ ಇನ್ನೊಂದು ವಿಮಾನ ಇಳಿಯಿತು. ಚಕ್ರಗಳು ಡಾಂಬರಿಗೆ ತಾಗಿ ಕಿರ್ರೆಂದಾಗ ಇಬ್ಬರೂ ಒಟ್ಟಿಗೇ ಬೆಚ್ಚಿದರು.

"ಅವರು ಕೆಲಸ ವಾಪಸ್ ಕೊಟ್ರೂ," ಎಂದಳು ಆಕೆ ಅದು ನಿಂತ ಮೇಲೆ, "ನಾನು ಇನ್ನು ಆ ಜೀಪು ಹತ್ತಲ್ಲ. ನನ್ನನ್ನ ನಂಬಿ ಇಳಿಯೋರು ಇದಾರೆ."